ಅತ್ತೆಯ ಕೈಗೆ ನಾನು ಮಾಡಿದ ಕಸರತ್ತು

ನಮ್ಮತ್ತೆಯನ್ನು 'ಅವರು' ಎಂದು ಬರೆಯಬೇಕಂತೆ. ನಾನು ಬರೆದ ಮೊದಲ ಹಾಳೆಯನ್ನು ನೋಡಿ ಮೊಮ್ಮಗಳು ಹಾಗೆ ತಿದ್ದಿಕೊಟ್ಟಳು. ನಾನು ಅದನ್ನು ಮತ್ತೆ 'ಅವಳು' ಮಾಡಿದೆ. ನಮ್ಮ ಕಡೆ ಹೆಂಗಸರಿಗೆ ಬಹುವಚನ ಹಾಕುವ ರೂಢಿಯಿಲ್ಲ. ಇದ್ದಿದ್ದರೂ ಅವಳಿಗೆ ನಾನು ಹಾಕುತ್ತಿರಲಿಲ್ಲ. ಅವಳು ಸತ್ತು ಬಹಳ ಕಾಲವಾಯಿತು. ನನ್ನ ಸಿಟ್ಟು ಇನ್ನೂ ಗಟ್ಟಿಮುಟ್ಟಾಗಿದೆ. ಅದನ್ನು ಮುಚ್ಚಿಟ್ಟು, ಅತ್ತೆ ದೇವರಂಥವಳು ಎಂದು ಬರೆಯುವುದಾದರೆ ನಾನು ಪೆನ್ನು ಹಿಡಿಯುವುದೇ ಬೇಡ.

ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿ ಗಲಾಟೆಯಾದ ವರ್ಷ ನನ್ನ ಮದುವೆ. ದುದ್ದದ ಕಡೆಯ ಹುಡುಗಿ ನಾನು, ನಾಲ್ಕನೇ ಕ್ಲಾಸು ಓದಿದ್ದೆ. ಕೊಟ್ಟದ್ದು ಹಲಗೂರಿನಿಂದ ಎರಡು ಮೈಲಿ ಒಳಕ್ಕಿದ್ದ ಊರಿಗೆ. ಮಾವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಅವಳ ಇಬ್ಬರು ಗಂಡುಮಕ್ಕಳು, ನಾನು, ಆಮೇಲೆ ಹುಟ್ಟಿದ ನನ್ನ ಮಗಳು, ಆಳುಕಾಳು ಎಲ್ಲ ಸೇರಿ ಹೊತ್ತಿಗೆ ಹನ್ನೆರಡು ಹದಿಮೂರು ಜನ ಉಣ್ಣುತ್ತಿದ್ದೆವು. ಉಣ್ಣುವುದೆಂದರೆ ರಾಗಿ ಹಿಟ್ಟು. ಬೇರೆ ಕಡೆಯವರು ಮುದ್ದೆ ಎನ್ನುವುದನ್ನು ನಾವು ಹಿಟ್ಟು ಅನ್ನುತ್ತೇವೆ.

ಹಿಟ್ಟು ತಿರುವುವ ಕೋಲು ಯಾರ ಕೈಯಲ್ಲಿದೆಯೋ ಮನೆ ಅವರದು. ಹೊಲ ಉಳುವವರು ಯಾರು, ಕಂದಾಯದ ರಸೀದಿ ಯಾರ ಹೆಸರಿಗೆ ಬರುತ್ತದೆ ಎಂಬುದೆಲ್ಲ ಹೊರಗಿನ ಮಾತು. ತಿರುವಿದವಳೇ ಮುದ್ದೆ ಕಟ್ಟಬೇಕು, ಕಟ್ಟಿದವಳೇ ಉಣ್ಣುವವರಿಗೆ ಇಕ್ಕಬೇಕು, ಇದು ನಮ್ಮ ಮನೆಯ ಕಟ್ಟು. ಯಾರಿಗೆ ಎಷ್ಟು ದಪ್ಪದ ಮುದ್ದೆ ಎಂದು ಅತ್ತೆ ಕೈಯಲ್ಲೇ ತೀರ್ಮಾನ ಮಾಡುತ್ತಿದ್ದಳು, ಬಾಯಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಬೆಳಗ್ಗೆ ಅವಳ ಮಾತಿಗೆ ನಾನು ಎದುರಾಡಿದ್ದರೆ ಮಧ್ಯಾಹ್ನ ನನ್ನ ತಣಿಗೆಯಲ್ಲಿನ ಮುದ್ದೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಒಂದು ಸಲ ನಮ್ಮಪ್ಪ ನನ್ನನ್ನು ನೋಡಲು ಬಂದರು, ಮಳವಳ್ಳಿಯಿಂದ ಬಿಸಿಲಲ್ಲಿ ನಡೆದು ಬಂದಿದ್ದರು. ಅವರಿಗೂ ಹಸುಗೂಸಿಗೆ ಕಟ್ಟುವಷ್ಟು ಮುದ್ದೆ ಇಕ್ಕಿ, ಸಾರು ಹುಯ್ದು, ಪಾತ್ರೆ ಮುಚ್ಚಿ ಎದ್ದು ಹೋದಳು. ನಮ್ಮಪ್ಪ ಮಾನಸ್ಥರು. ಉಂಡೆನಮ್ಮ, ಹೊಟ್ಟೆ ತುಂಬಿತು ಎಂದು ಕೈ ತೊಳೆದರು. ಅದನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.

ಹನ್ನೆರಡು ಜನರ ಹಿಟ್ಟು ತಿರುವುವುದು ಹುಡುಗಾಟವಲ್ಲ. ಎಸರು ಕುದಿಯುವಾಗ ಹಿಟ್ಟು ಸುರಿದು, ಬೇಯಲು ಬಿಟ್ಟು, ಆಮೇಲೆ ಮಡಕೆ ಅಲ್ಲಾಡದಂತೆ ಅದರ ಕಂಠಕ್ಕೆ ಕವೆಗೋಲು ಕೊಟ್ಟು ಎರಡು ಕಾಲಲ್ಲೂ ಅದುಮಿ ಹಿಡಿಯಬೇಕು. ಎರಡು ಕೈಯಲ್ಲೂ ಕೋಲು ಹಿಡಿದು ಗಂಟಿಲ್ಲದ ಹಾಗೆ ತಿರುವಬೇಕು. ಅಡಿ ಹಿಟ್ಟು ಮೇಲೆ ಬರುವ ಹೊತ್ತಿಗೆ ಗಟ್ಟಿಯಾಗುತ್ತ ಹೋಗುತ್ತದೆ. ಕೋಲು ಮಡಕೆಯಲ್ಲಿ ನೆಟ್ಟ ಹಾಗೆ ನಿಲ್ಲುತ್ತದೆ. ಆಗ ಪೂರ್ತಿ ಬಲಗೈಯದೇ ಕೆಲಸ. ನಮ್ಮತ್ತೆ ಇದನ್ನು ಹದಿನೆಂಟನೇ ವಯಸ್ಸಿನಿಂದ ದಿನಕ್ಕೆರಡು ಹೊತ್ತು ಮಾಡಿಕೊಂಡು ಬಂದವಳು.

ನಾನು ಬಂದ ಐದಾರು ವರ್ಷಕ್ಕೆ ಅವಳ ಬಲ ಮೊಣಕೈಯ ಹೊರಮಗ್ಗುಲಲ್ಲಿ ನೋವು ಕಾಣಿಸಿಕೊಂಡಿತು. ನೀರು ತುಂಬಿದ ಚೊಂಬು ಎತ್ತಿದರೆ ಕೈಯಿಂದ ಜಾರುತ್ತಿತ್ತು. ಒದ್ದೆ ಸೀರೆ ಹಿಂಡಲು ಹೋದರೆ ಹಲ್ಲು ಕಚ್ಚುತ್ತಿದ್ದಳು. ಕಾಯಿಸಿದ ಹರಳೆಣ್ಣೆ ಹಚ್ಚಿ ನೀವಿಸಿಕೊಂಡಳು, ಹುಣಸೆ ಸೊಪ್ಪಿನ ಶಾಖ ಕೊಟ್ಟುಕೊಂಡಳು. ಹುಟ್ಟುವಾಗ ಕಾಲು ಮುಂದಾಗಿ ಬಂದಿದ್ದ ಹೆಂಗಸೊಬ್ಬಳನ್ನು ಪಕ್ಕದ ಊರಿನಿಂದ ಕರೆಸಿ ಅವಳ ಕಾಲಲ್ಲಿ ಮೊಣಕೈ ತುಳಿಸಿಕೊಂಡಳು. ಮಳವಳ್ಳಿಯಲ್ಲಿ ಬರೆ ಹಾಕಿಸಿಕೊಂಡಳು. ನೋವು ಹೋಗುತ್ತಿತ್ತು, ಕೊನೆಗೆ ಯಾರು ಮುಟ್ಟಿದ್ದರೋ ಅವರಿಗೆ ಒಳ್ಳೆ ಹೆಸರು ಬರುತ್ತಿತ್ತು. ಎರಡು ತಿಂಗಳಿಗೆ ನೋವು ಮತ್ತೆ ಬರುತ್ತಿತ್ತು, ಆಗ ಯಾರ ಹೆಸರೂ ಇಲ್ಲ.

ನೋವು ಜೋರಿದ್ದ ಒಂದು ದಿನ ನಾನೇ ಬಾಯಿಬಿಟ್ಟು ಕೇಳಿದೆ, "ಕೋಲು ಕೊಡತ್ತೆ, ನಾನು ತಿರುವ್ತೀನಿ."

"ಯಾಕೆ, ನಾನು ಸತ್ತೋದ್ನಾ?" ಅಂದಳು. "ಕೋಲು ಬುಟ್ಟ ದಿನ ನಾನು ಉಣ್ಣೋಳಾಯ್ತೀನಿ, ಇಕ್ಕೋಳಲ್ಲ. ಅದ ನೋಡಕ್ಕೇ ತಾನೇ ನೀನು ಕಾಯ್ತಾ ಕೂತಿರೋದು?"

ಹೌದು, ಅದಕ್ಕೇ ಕಾಯುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು. ಗಂಡ ಸತ್ತಾಗ ಅವಳಿಗೆ ಮೂವತ್ತು ತುಂಬಿರಲಿಲ್ಲವಂತೆ. ದಾಯಾದಿಗಳು ಹೊಲಕ್ಕೆ ಕೈ ಹಾಕಲು ಬಂದು, ಎರಡು ಮಕ್ಕಳ ಜೊತೆ ನಮ್ಮ ಮನೆಗೆ ಬಾ, ಎರಡು ಹೊತ್ತು ಕೂಳು ಹಾಕುತ್ತೇವೆ ಎಂದರಂತೆ. ಇವಳು ಒಲೆ ಮುಂದಿನಿಂದ ಏಳದೆ, ನನ್ನ ಮನೆಯಲ್ಲಿ ಇಕ್ಕುವವಳು ನಾನು, ಬೇಕಾದರೆ ನೀವು ಉಂಡು ಹೋಗಿ ಎಂದಳಂತೆ. ಈ ಕಥೆಯನ್ನು ಅವಳ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ಒಳ್ಳೆ ಕಥೆಯೇ. ಆದರೆ ದಾಯಾದಿಗಳ ಮೇಲಿನ ಹಟವನ್ನು ಸೊಸೆಯ ತಣಿಗೆಯಲ್ಲಿ ತೀರಿಸಿಕೊಳ್ಳಬೇಕಾಗಿರಲಿಲ್ಲ.

ನಮ್ಮ ಯಜಮಾನರ ವಿಷಯ ಹೇಳದಿರುವುದೇ ಮೇಲು, ಆದರೂ ಹೇಳುತ್ತೇನೆ. ಶಿವಪುರಕ್ಕೆ ಹೋಗಿ ಪೊಲೀಸರ ಮುಂದೆ ಎದೆ ಕೊಟ್ಟು ನಿಂತಿದ್ದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ನಿಂತಿದ್ದರೋ ಏನೋ, ನಾನು ನೋಡಿಲ್ಲ. ಅವರವ್ವನ ಮುಂದೆ ನಿಂತದ್ದನ್ನಂತೂ ನೋಡಿರಲಿಲ್ಲ. ನನಗೆ ಹೊಟ್ಟೆ ತುಂಬುತ್ತಿಲ್ಲ ಎಂದು ಹೇಳಿಕೊಂಡರೆ, "ಅವ್ವ ವಯಸ್ಸಾದೋಳು, ಎಷ್ಟು ದಿನ ಇದ್ದಾಳು, ಅನುಸರಿಸ್ಕೊ" ಎನ್ನುತ್ತಿದ್ದರು. ಅವ್ವನಿಗೆ ಆಗ ಐವತ್ತೂ ಆಗಿರಲಿಲ್ಲ.

ಯುದ್ಧ ಮುಗಿದ ವರ್ಷ ಗೌರಿಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ಅವಳಿಗೆ ಕೋಲು ಎತ್ತಲೇ ಆಗಲಿಲ್ಲ. ಎಡಗೈಯಲ್ಲಿ ತಿರುವಿ, ಗಂಟುಗಂಟು ಹಿಟ್ಟನ್ನೇ ಎಲ್ಲರಿಗೂ ಇಕ್ಕಿದಳು. ಮಂಡ್ಯದ ಒಂದು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ನರ್ಸಮ್ಮನ ಸುದ್ದಿಯನ್ನು ನಮ್ಮ ಯಜಮಾನರು ಮದ್ದೂರು ಸಂತೆಯಲ್ಲಿ ಕೇಳಿಕೊಂಡು ಬಂದಿದ್ದರು. ಯುದ್ಧದ ಕಾಲದಲ್ಲಿ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಸಿಪಾಯಿಗಳ ಕೈಕಾಲು ಸರಿಮಾಡುತ್ತಿದ್ದವಳಂತೆ, ಔಷಧಿಯಿಲ್ಲದೆ ಬರೀ ಕಸರತ್ತಿನಲ್ಲೇ ವಾಸಿ ಮಾಡುತ್ತಾಳಂತೆ. ಅತ್ತೆ ಒಪ್ಪಿದಳು. ನೋವು ತಡೆಯದೆ ಒಪ್ಪಿದಳೆಂದು ನಾನು ತಿಳಿಯಲಿಲ್ಲ. ಹಿಟ್ಟಿನಲ್ಲಿ ಗಂಟಾದದ್ದಕ್ಕೆ ಒಪ್ಪಿದಳು.

ಹಲಗೂರಿನ ತನಕ ನಡೆದು, ಅಲ್ಲಿಂದ ಇದ್ದಿಲಿನ ಬಸ್ಸು ಹತ್ತಿದೆವು. ಪೆಟ್ರೋಲಿಲ್ಲದ ಕಾಲ, ಹಿಂದುಗಡೆ ಕಟ್ಟಿದ ದೊಡ್ಡ ಡಬ್ಬದಲ್ಲಿ ಇದ್ದಿಲು ಹೊತ್ತಿಸಿ, ಹೊಗೆಯೆಬ್ಬಿಸಿ, ಅದು ಮನಸ್ಸು ಮಾಡಿದಾಗ ಹೊರಡುತ್ತಿತ್ತು. ಮಳವಳ್ಳಿ ದಾಟಿದ ಮೇಲೆ ಒಂದು ಏರಿನಲ್ಲಿ ಎಲ್ಲರನ್ನೂ ಇಳಿಸಿ ತಳ್ಳಿಸಿದರು. ಮದ್ದೂರಿನಲ್ಲಿ ರೈಲು ಹಿಡಿದು ಮಂಡ್ಯಕ್ಕೆ ಬಂದೆವು. ಇಡೀ ದಾರಿ ಅತ್ತೆ ನನ್ನ ಜೊತೆ ಆಡಿದ್ದು ಒಂದೇ ಮಾತು, ಮಗಳನ್ನು ಎಡಗಡೆ ಹೊತ್ತುಕೋ, ನನ್ನ ಕೈಗೆ ತಗುಲುತ್ತಾಳೆ ಎಂದು.

ಡಾಕ್ಟರು ಕೈ ನೋಡಿದ ಶಾಸ್ತ್ರ ಮಾಡಿ ನರ್ಸಮ್ಮನ ಹತ್ತಿರ ಕಳಿಸಿದರು. ಬಿಳಿ ಸೀರೆ, ಕಾಲಿಗೆ ಬೂಟು, ಗಂಡಸಿನ ನಡಿಗೆ. ಅತ್ತೆಯ ಮೊಣಕೈ ಮೇಲೆ ಹೆಬ್ಬೆಟ್ಟು ಇಟ್ಟು ಒಂದೇ ಕಡೆ ಅದುಮಿದಳು. ಅತ್ತೆ ಕುಳಿತಲ್ಲೇ ಅರ್ಧ ಎದ್ದಳು.

"ಮಾಂಸ ಮೂಳೆಗೆ ಅಂಟಿಕೊಳ್ಳೋ ಕಡೆ ಒಂದು ಹುರಿ ಇರುತ್ತೆ, ಹಗ್ಗದ ಹಾಗೆ," ಎಂದಳು ನರ್ಸಮ್ಮ. "ಅದರ ಎಳೆ ಸವೆದಿದೆ. ಎಣ್ಣೆ ತಿಕ್ಕಿದರೆ ಹಗ್ಗ ಗಟ್ಟಿಯಾಗುತ್ತಾ? ಆಗಲ್ಲ. ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಭಾರ ಹೊರೋದನ್ನ ಮತ್ತೆ ಕಲಿಸಬೇಕು."

ಒಂದು ಚೊಂಬಿಗೆ ಅರ್ಧ ಮರಳು ತುಂಬಿ, ಕಂಠಕ್ಕೆ ಬಟ್ಟೆ ಕಟ್ಟಿ ಹಿಡಿಕೆ ಮಾಡಿದಳು. ಮುಂಗೈಯನ್ನು ತೊಡೆಯ ಮೇಲಿಟ್ಟು, ಅಂಗೈ ಕೆಳಗಾಗಿ, ಮಣಿಕಟ್ಟು ಮಂಡಿಯಿಂದಾಚೆಗೆ ಚಾಚಿಕೊಂಡು ಚೊಂಬು ಹಿಡಿಯಬೇಕು. ಮೇಲೆತ್ತುವಾಗ ಎಡಗೈ ಸಹಾಯ ಕೊಡಬಹುದು. ಇಳಿಸುವಾಗ ಬಲಗೈಯೊಂದೇ, ಅದೂ ಮೆಲ್ಲಗೆ, ಐದು ಎಣಿಸುವಷ್ಟು ಹೊತ್ತು. ಬೆಳಗ್ಗೆ ಹದಿನೈದು, ಸಂಜೆ ಹದಿನೈದು. ವಾರವಾರ ಒಂದು ಹಿಡಿ ಮರಳು ಹೆಚ್ಚಿಸಬೇಕು. ಅತ್ತೆ ಮೂರು ಸಲ ಇಳಿಸುವಷ್ಟರಲ್ಲಿ ಹಣೆಯಲ್ಲಿ ಬೆವರು ಮೂಡಿತು, ಮುಖ ತಿರುಗಿಸಿ ಕೂತಳು.

ನರ್ಸಮ್ಮ ನನ್ನ ಕಡೆ ತಿರುಗಿದಳು. "ನೀನು ಓದಿದ್ದೀಯಾ?"

"ನಾಲ್ಕನೇ ಕ್ಲಾಸು."

"ಹಾಗಾದ್ರೆ ನೀನೇ ಜವಾಬ್ದಾರಿ. ಸರಿಯಾಗಿ ಕೇಳಿಸ್ಕೊ. ನೋವಿರೋ ಕೈಯೇ ಮಾಡಬೇಕು. ಮಾಡುವಾಗ ಸ್ವಲ್ಪ ನೋಯುತ್ತೆ, ನೋಯಲಿ. ಒಂದು ತಿಂಗಳು ಹಿಟ್ಟು ತಿರುವೋದು ಬೇಡ. ಮೂರು ತಿಂಗಳು ಬಿಡದೆ ಮಾಡಿಸು, ಈ ನೋವು ಮತ್ತೆ ಬಂದರೆ ನನ್ನನ್ನ ಕೇಳು."

ಊರಿಗೆ ಬಂದ ಮಾರನೆಯ ದಿನವೇ ಅತ್ತೆ ಎಡಗೈಯ ಮೇಲೇ ಭಾರ ಹಾಕಿ ಹಿಟ್ಟು ತಿರುವಿದಳು. ತಿಂಗಳು ಬಿಡುವ ಮಾತನ್ನು ಕೇಳಿಯೂ ಕೇಳದವಳ ಹಾಗಿದ್ದಳು. ಕಸರತ್ತು ಎರಡು ದಿನ ಮಾಡಿದಳು, ಅದೂ ನರಳಿ ನರಳಿ. ಮೂರನೆಯ ದಿನ ಬೆಳಗ್ಗೆ ಚೊಂಬನ್ನು ತಂದು ನನ್ನ ಮುಂದಿಟ್ಟಳು.

"ಇನ್ಮೇಲೆ ನೀನು ಮಾಡು."

"ನಾನು ಮಾಡಿದ್ರೆ ನಿನ್ನ ಕೈಗೆ ಏನು ಬಂತತ್ತೆ?"

"ನಿನ್ನ ಗಂಡಂಗೆ ಏಳು ವರ್ಸದಲ್ಲಿ ಸಿಡುಬಾಯ್ತು. ಮೂರು ವಾರ ಅಮ್ಮನ ಗುಡಿ ಸುತ್ತ ಉರುಳಿದ್ದು ನಾನು, ಎದ್ದೋನು ಅವನು. ನಮ್ಮ ಮಾವ ಬೆಟ್ಟ ಅತ್ತೀನಿ ಅಂತ ಅರಕೆ ಒತ್ತಿದ್ರು, ಅವ್ರ ಕಾಲು ಬಿದ್ದೋದ್ಮೇಲೆ ನಮ್ಮ ಮೈದ್ನ ಬೆಟ್ಟ ಅತ್ತಿ ತೀರಿಸ್ದ. ದೇವ್ರು ಬ್ಯಾಡ ಅಂದ್ನಾ? ಮನೆಯೋರ ಮೈ ಅಂದ್ರೆ ಒಂದೇ ಕಣೇ. ನಂಗೆ ಇಟ್ಟು ತಿರುವೋ ಕೆಲ್ಸ ಅದೆ. ನೀನು ಮಾಡು."

ಇದನ್ನು ಓದುವವರಿಗೆ ನಗು ಬರಬಹುದು. ಅವಳು ತಮಾಷೆಗೆ ಹೇಳಿದ್ದಲ್ಲ, ಸೋಮಾರಿತನಕ್ಕೂ ಹೇಳಿದ್ದಲ್ಲ. ನಮ್ಮ ಮನೆಗಳಲ್ಲಿ ಉಪವಾಸ, ಹರಕೆ, ಉರುಳುಸೇವೆ ಎಲ್ಲವೂ ಒಬ್ಬರಿಗಾಗಿ ಇನ್ನೊಬ್ಬರು ಮಾಡುವುದೇ. ಕಷ್ಟಪಟ್ಟವರು ಒಬ್ಬರು, ಫಲ ಪಡೆದವರು ಇನ್ನೊಬ್ಬರು, ಇದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕಸರತ್ತನ್ನೂ ಅವಳು ಅದೇ ಸಾಲಿಗೆ ಸೇರಿಸಿದಳು.

ನಾನು ಒಂದು ಮಾತು ಹೇಳಬಹುದಾಗಿತ್ತು. ನೋವಿರುವ ಕೈಯೇ ಮಾಡಬೇಕು ಎಂದು ನರ್ಸಮ್ಮ ನನ್ನ ಮುಖ ನೋಡಿ ಹೇಳಿದ್ದಳು. ಹಗ್ಗದ ಮಾತು ನನಗೆ ಚೆನ್ನಾಗಿ ಅರ್ಥವಾಗಿತ್ತು. ನನ್ನ ಕೈಗೆ ಭಾರ ಹೊರಿಸಿದರೆ ಅವಳ ಕೈಯ ಹಗ್ಗ ಗಟ್ಟಿಯಾಗುವುದಿಲ್ಲ ಎಂದು ತಿಳಿಯಲು ನಾಲ್ಕನೇ ಕ್ಲಾಸೂ ಬೇಕಿರಲಿಲ್ಲ. ಅದಕ್ಕೇ ಒಪ್ಪಿಕೊಂಡೆ. ಅವಳ ಕೈ ಸರಿಹೋಗಬಾರದು, ಕೋಲು ತಾನಾಗಿ ಕೆಳಗೆ ಬೀಳಬೇಕು ಎಂದುಕೊಂಡೆ. ಇದರಲ್ಲಿ ಮರೆಮಾಚುವುದೇನೂ ಇಲ್ಲ.

"ಆಯ್ತತ್ತೆ," ಅಂದೆ.

ಅಲ್ಲಿಂದ ಶುರುವಾಯಿತು. ಸೇವೆಯೆಂದ ಮೇಲೆ ಮಿಂದು ಮಾಡಬೇಕೆಂದಳು, ಮಿಂದೆ. ಏನೂ ತಿನ್ನದೆ ಮಾಡಬೇಕೆಂದಳು. ಅದಕ್ಕೂ ತಲೆಯಾಡಿಸಿದೆ. ಜಗಲಿಯ ಮೇಲೆ ಮೂಡಲಿಗೆ ಮುಖ ಮಾಡಿ ಕೂತು, ಚೊಂಬು ಎತ್ತಿ, ಐದು ಎಣಿಸುತ್ತ ಇಳಿಸುತ್ತಿದ್ದೆ. ಅವಳು ಎದುರಿಗೆ ಕೂತು, ಒಂದೊಂದಕ್ಕೂ ಒಂದು ಹುಣಸೆಬೀಜವನ್ನು ಈ ಕಡೆಯಿಂದ ಆ ಕಡೆಗೆ ಸರಿಸುತ್ತಿದ್ದಳು. ಬೇಗ ಇಳಿಸಿದರೆ, "ಮೆತ್ತಗೆ ಇಳ್ಸೇ, ನನ್ನ ಕೈ ಅದು" ಎನ್ನುತ್ತಿದ್ದಳು. ಆ ಮನೆಗೆ ಬಂದ ಮೇಲೆ ಹಗಲು ಹೊತ್ತಿನಲ್ಲಿ ನಾನು ಕೂತು ಮಾಡಿದ ಮೊದಲ ಕೆಲಸ ಅದು. ನನಗೆ ಅದರಿಂದ ಸುಖವಾಗಿಯೇ ಇತ್ತು.

ನಮ್ಮ ಯಜಮಾನರು ಒಂದು ದಿನ ಹೊಲದಿಂದ ಬೇಗ ಬಂದವರು ನೋಡಿ ನಿಂತರು. "ಇದೇನು, ನೀನು ಮಾಡ್ತಾ ಇದ್ದೀಯ?" ಅಂದರು.

"ನಿಮ್ಮವ್ವನೇ ಮಾಡು ಅಂದವ್ಳೆ," ಅಂದೆ.

ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು, ಎತ್ತಿಗೆ ನೀರು ತೋರಿಸಬೇಕು ಎಂದು ಹೊರಟುಹೋದರು. ಪೊಲೀಸರ ಮುಂದೆ ನಿಂತವರು.

ಮೊದಲಿನಂತೆಯೇ ನೋವು ತನ್ನಷ್ಟಕ್ಕೆ ತಗ್ಗಿತು. ಹರಳೆಣ್ಣೆಗೂ ಬರೆಗೂ ಬಂದಿದ್ದ ಹೆಸರು ಈಗ ನನ್ನ ಕಸರತ್ತಿಗೆ ಬಂತು. ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು, ನಮ್ಮ ಸೊಸೆ ಮಾಡ್ತಾಳೆ, ನನ್ನ ಕೈ ನೆಟ್ಟಗಾಗ್ತಾ ಅದೆ ಎಂದು. ಎಂಟು ವರ್ಷದಲ್ಲಿ ಹೊರಗಿನವರ ಮುಂದೆ ನನ್ನ ವಿಷಯದಲ್ಲಿ ಅವಳು ಆಡಿದ ಒಂದೇ ಒಳ್ಳೆಯ ಮಾತು ಅದು, ಅದೂ ಸುಳ್ಳು. ಮೇಲಿನ ಬೀದಿಯ ಒಬ್ಬ ಮುದುಕಿಗೆ ಮಂಡಿನೋವಿತ್ತು. ಅವಳು ತನ್ನ ಸೊಸೆಯನ್ನು ನನ್ನ ಹತ್ತಿರ ಕಳಿಸಿದಳು, ಕಸರತ್ತು ಕಲಿತುಕೊಂಡು ಬಾ ಎಂದು. ಆ ಹುಡುಗಿ ಬಸುರಿ. ಬಾಗಿಲ ಹತ್ತಿರ ನಿಂತು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಇಬ್ಬರಿಗೂ ನಗು ಬರಲಿಲ್ಲ. ದಿನಾ ಮಧ್ಯಾಹ್ನ ಕಾಲು ಚಾಚಿ ಒಂದು ಗಂಟೆ ಮಲಗಬೇಕು, ಮಂಡಿಗೆ ಅದೇ ಕಸರತ್ತು ಎಂದು ಹೇಳಿ ಕಳಿಸಿದೆ. ಹೆರಿಗೆಯ ತನಕ ಮಲಗಿದಳಂತೆ.

ರಾಗಿ ಕೊಯ್ಲು ಬಂತು. ನಮ್ಮ ಕಡೆ ಕೊಯ್ಲಿಗೆ ಮುಯ್ಯಾಳು ಸೇರುತ್ತಾರೆ. ಇವತ್ತು ಅವರೆಲ್ಲ ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಅವರಿಗೆ ಕೂಲಿಯಿಲ್ಲ, ಹೊಟ್ಟೆ ತುಂಬ ಹಿಟ್ಟು ಇಕ್ಕಬೇಕು. ಅವತ್ತು ಮೂವತ್ತು ಜನ. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ದೊಡ್ಡ ಮಡಕೆ ಇಟ್ಟಿದ್ದೆವು. ಹೊಲಕ್ಕೆ ಬುತ್ತಿ ಹೊರಲು ಬಂದಿದ್ದ ನಾಲ್ಕೈದು ಹೆಂಗಸರು ಅಲ್ಲೇ ನಿಂತಿದ್ದರು. ಅತ್ತೆ ಸೆರಗು ಬಿಗಿದು, ಕವೆಗೋಲನ್ನು ಕಾಲಲ್ಲಿ ಅದುಮಿ ತಿರುವಲು ಕೂತಳು.

ಹಿಟ್ಟು ಗಟ್ಟಿಯಾಗುವ ಹೊತ್ತಿಗೆ ಅವಳ ಬಲಗೈ ಸೋತಿತು. ಕೋಲು ಕೈಯಿಂದ ಜಾರಿತು. ಮುಂದಕ್ಕೆ ಬಗ್ಗಿದ ರಭಸಕ್ಕೆ ಕಾಲು ಸಡಿಲಾಗಿ ಮಡಕೆ ವಾಲಿ, ಅರ್ಧ ಹಿಟ್ಟು ಬೂದಿಯ ಮೇಲೆ ಬಿತ್ತು. ಮೂವತ್ತು ಜನ ಹೊಲದಲ್ಲಿ ಕಾಯುತ್ತಿದ್ದರು. ನಿಂತಿದ್ದ ಹೆಂಗಸರಲ್ಲಿ ಒಬ್ಬಳು, "ಅಯ್ಯೋ, ಕೈಲಾಗ್ದೋರು ಯಾಕವ್ವ ಕೂತ್ಕೋಬೇಕು," ಅಂದಳು.

ನಾನು ಮಡಕೆ ನೆಟ್ಟಗೆ ಮಾಡಿದೆ, ಉಳಿದಿದ್ದನ್ನು ತಿರುವಿ ಇಳಿಸಿದೆ, ಹೊಸದಾಗಿ ಎಸರಿಟ್ಟು ಇನ್ನೊಂದು ಮಡಕೆ ತಿರುವಿದೆ. ಎರಡೂವರೆ ತಿಂಗಳು ಅವಳ ಹೆಸರಿನಲ್ಲಿ ಮಾಡಿದ ಕಸರತ್ತೆಲ್ಲ ನನ್ನ ತೋಳಲ್ಲೇ ಕೂತಿತ್ತು. ಕೋಲು ಎಲ್ಲೂ ತಡೆಯಲಿಲ್ಲ, ಒಂದು ಗಂಟೂ ಆಗಲಿಲ್ಲ. ಮೂವತ್ತು ಮುದ್ದೆ ಕಟ್ಟಿ ಹೊಲಕ್ಕೆ ಹೋಗಿ ನಾನೇ ಇಕ್ಕಿದೆ. ಅವತ್ತಿನಷ್ಟು ಸಂತೋಷ ನನಗೆ ಮಗಳು ಹುಟ್ಟಿದಾಗಲೂ ಆಗಿರಲಿಲ್ಲ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ವಾಪಸು ಬಂದಾಗ ಅತ್ತೆ ಹಿತ್ತಿಲಲ್ಲಿ ಬೂದಿಗೆ ಬಿದ್ದ ಹಿಟ್ಟನ್ನು ಎಡಗೈಯಲ್ಲಿ ಬಳಿದು ದನಕ್ಕೆ ಹಾಕುತ್ತಿದ್ದಳು.

ಕೋಲು ನನ್ನ ಕೈಯಲ್ಲೇ ಉಳಿಯಿತು. ಸಂಕ್ರಾಂತಿ ಕಳೆದ ಮೇಲೆ ನಮ್ಮ ಯಜಮಾನರ ಜೊತೆ ಮತ್ತೆ ಮಂಡ್ಯಕ್ಕೆ ಹೋದೆವು. ನರ್ಸಮ್ಮ ಅತ್ತೆಯ ಎರಡು ಮುಂಗೈಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಬಲಗಡೆಯದು ಸೊರಗಿತ್ತು.

"ಕಸರತ್ತು ಮಾಡಿದ್ರಾ?"

"ಒಂದಿನ ತಪ್ಸಿಲ್ಲ ಕಣವ್ವ," ಅಂದಳು ಅತ್ತೆ. "ಬೇಕಾದ್ರೆ ಇವಳನ್ನೇ ಕೇಳು. ಮಿಂದು, ಬಾಯಿಗೆ ನೀರೂ ಹಾಕ್ದಂಗೆ ಮಾಡವ್ಳೆ."

"ಯಾರು ಮಾಡಿದ್ದು?"

"ಇವ್ಳು. ನಮ್ಮ ಸೊಸೆ."

ನರ್ಸಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗಲು ಶುರುಮಾಡಿದಳು. ನಕ್ಕು ಸುಮ್ಮನಾಗಿದ್ದರೆ ಆಗುತ್ತಿತ್ತು. ಪಕ್ಕದ ಕೋಣೆಯಿಂದ ಇನ್ನೊಬ್ಬ ನರ್ಸನ್ನು ಕರೆದು, "ಇಲ್ಲಿ ಕೇಳೇ, ಅತ್ತೆಗೆ ಕೈನೋವಂತೆ, ಸೊಸೆ ಕಸರತ್ತು ಮಾಡಿದ್ದಾಳಂತೆ" ಎಂದಳು. ಇಬ್ಬರೂ ನಕ್ಕರು. ಬೆಂಚಿನ ಮೇಲೆ ಕಾಯುತ್ತಿದ್ದವರೂ ನಕ್ಕರು. ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ನಗು ಕೇಳಿ ನನಗೇ ಸಿಟ್ಟು ಬಂತು. ನಮ್ಮತ್ತೆಯನ್ನು ದ್ವೇಷಿಸುವುದು ನನ್ನ ಪಾಡು. ಬೂಟು ಹಾಕಿದವಳಿಗೆ ಅದರಲ್ಲೇನು ಕೆಲಸ.

ನಗು ನಿಂತ ಮೇಲೆ ನರ್ಸಮ್ಮ ನನ್ನನ್ನು ಗದರಿಸಿದಳು. "ನಿನಗೆ ಬಿಡಿಸಿ ಹೇಳಿದ್ದೆನಲ್ಲ, ನೋವಿರೋ ಕೈಯೇ ಮಾಡಬೇಕು ಅಂತ. ಓದಿದವಳು, ನಿನಗೂ ಗೊತ್ತಾಗಲಿಲ್ವಾ?"

ಅತ್ತೆ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಯಾರೂ ಹೇಳದೆ ಅಲ್ಲಿದ್ದ ಮರಳಿನ ಚೊಂಬು ತೆಗೆದುಕೊಂಡು, ಮುಂಗೈಯನ್ನು ತೊಡೆಯ ಮೇಲಿಟ್ಟು, ಹದಿನೈದು ಸಲ ಇಳಿಸಿದಳು. ಕೊನೆಕೊನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ನಿಲ್ಲಿಸಲಿಲ್ಲ.

ವಾಪಸು ರೈಲಿನಲ್ಲಿ ಅವಳು ನನ್ನ ಎದುರಿಗೆ ಕೂತಳು. ನಮ್ಮ ಯಜಮಾನರು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯ ಆಚೆಗೇ ನೋಡುತ್ತಿದ್ದರು.

"ಗೊತ್ತಿತ್ತಾ ನಿಂಗೆ?" ಅಂದಳು ಅತ್ತೆ.

"ಗೊತ್ತಿತ್ತು."

"ಮೊದಲ್ನೇ ದಿನ್ದಿಂದ?"

"ಊಂ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಕೈಯನ್ನು ನೀವಿಕೊಳ್ಳುತ್ತ, "ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಬಾಯಿ ಬುಡ್ತಿರ್ನಿಲ್ಲ," ಅಂದಳು. "ಈ ಕೈ ನೆಟ್ಟಗಾಗ್ಲಿ. ಆಮೇಲೆ ಒಲೆ ಮುಂದೆ ಯಾರು ಕೂರ್ತಾರೆ ನೋಡವ."

ಅಂಥ ಹಟವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಈಗ ಮಡಿಯಿಲ್ಲ, ಹುಣಸೆಬೀಜವಿಲ್ಲ. ಜಗಲಿಯ ಮೇಲೆ ಕೂತು, ತುಟಿ ಕಚ್ಚಿ, ಬೆಳಗ್ಗೆ ಸಂಜೆ ಚೊಂಬು ಇಳಿಸಿದಳು. ಮೊದಲ ತಿಂಗಳು ಅರ್ಧ ಚೊಂಬು ಮರಳಿಗೇ ತೋಳು ನಡುಗುತ್ತಿತ್ತು. ಆಮೇಲೆ ಒಂದೊಂದು ಹಿಡಿ ಹೆಚ್ಚಾಗುತ್ತ ಚೊಂಬು ತುಂಬಿತು. ಅದೂ ಸಾಲದೆ ಇನ್ನೂ ದೊಡ್ಡ ತಂಬಿಗೆಗೆ ಬಂದಳು. ಆಸ್ಪತ್ರೆಗೆ ಮತ್ತೆ ಹೋಗಲಿಲ್ಲ, ನಮ್ಮ ಯಜಮಾನರು ಒಂದು ಸಲ ಕರೆದದ್ದಕ್ಕೆ, "ಇನ್ನೊಂದ್ಸಲ ನಗುಸ್ಕೊಂಡು ಬರ್ನಾ?" ಎಂದು ಬಾಯಿ ಮುಚ್ಚಿಸಿದಳು. ಅಷ್ಟು ದಿನವೂ ಒಲೆಯ ಹತ್ತಿರ ಬರಲಿಲ್ಲ, ಕೋಲು ಕೇಳಲಿಲ್ಲ. ನಾನು ಇಕ್ಕಿದ್ದನ್ನು ಉಂಡು ಎದ್ದು ಹೋಗುತ್ತಿದ್ದಳು.

ಈ ಕಡೆ ನಾನು ಮನೆಯ ರುಚಿ ಕಂಡಿದ್ದೆ. ಹೊಲಕ್ಕೆ ಹೋಗುವ ಮುಂಚೆ ಮೈದುನ ನನ್ನನ್ನು ಕೇಳಿ ಹೋಗುತ್ತಿದ್ದ. ಆಳುಗಳು ನನ್ನ ಕೈ ನೋಡುತ್ತಿದ್ದರು. ನಮ್ಮ ಯಜಮಾನರು ಸಂಜೆ ಹೊತ್ತು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಇವತ್ತು ಸಾರೇನು ಎಂದು ಕೇಳುವುದನ್ನು ಕಲಿತಿದ್ದರು. ಇದನ್ನೆಲ್ಲ ವಾಪಸು ಕೊಡಬೇಕಾದ ದಿನ ಹತ್ತಿರ ಬರುತ್ತಿದೆ ಎಂದು ಜಗಲಿಯ ಕಡೆ ನೋಡಿದಾಗಲೆಲ್ಲ ಗೊತ್ತಾಗುತ್ತಿತ್ತು. ಆ ತಂಬಿಗೆ ಅವಳ ಕೈಯಿಂದ ಬೀಳಲಿ ಎಂದು ಕಾಯುತ್ತಿದ್ದೆ, ಬೀಳಲಿಲ್ಲ.

ಯುಗಾದಿ ಕಳೆದು ಒಂದು ವಾರವಾಗಿತ್ತು. ಬೆಳಗಿನ ಎಸರು ಕುದಿಯುತ್ತಿತ್ತು. ಅತ್ತೆ ಮಿಂದು, ಸೀರೆ ಎತ್ತಿ ಕಟ್ಟಿ, ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತಳು. ಒಳಗೆ ಬರುವ ಮುಂಚೆ ಒದ್ದೆ ಸೀರೆಯನ್ನು ನನಗೆ ಕಾಣುವ ಹಾಗೆ ಅಂಗಳದಲ್ಲಿ ಹಿಂಡಿದ್ದಳು, ಒಂದು ಹನಿ ಉಳಿಯದ ಹಾಗೆ. ಬಲಗೈ ಚಾಚಿದಳು.

"ಕೊಡು."

ಆ ಕೈ ನೋಡಿದೆ. ನಡುಕವಿರಲಿಲ್ಲ. ಸೊರಗಿದ್ದ ಮುಂಗೈ ತುಂಬಿಕೊಂಡಿತ್ತು. ನರ್ಸಮ್ಮ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಾಗಿರಲಿಲ್ಲ. ನಾನು ಕೋಲನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡೆ.

"ಬ್ಯಾಡತ್ತೆ," ಅಂದೆ. ದನಿ ಬಹಳ ಮೆತ್ತಗೆ ಮಾಡಿಕೊಂಡಿದ್ದೆ. "ವಾಸಿಯಾದ ಕೈನ ಮತ್ತೆ ಯಾಕೆ ಕೆಡಿಸ್ಕೋತೀಯ? ನೀನು ಇನ್ಮೇಲೆ ಇಟ್ಟು ತಿರುವಂಗೇ ಇಲ್ಲ ಅಂತ ನರ್ಸಮ್ಮ ಏಳವ್ಳೆ."

"ಒಂದು ತಿಂಗ್ಳು ಅಂದಿದ್ಲು."

"ಎರಡ್ನೇ ಸಲ ನನ್ನ ಪಕ್ಕಕ್ಕೆ ಕರೆದು ಏಳುದ್ಲು. ಬೇಕಾದ್ರೆ ಮಂಡ್ಯಕ್ಕೋಗಿ ಕೇಳ್ಕೊಂಡು ಬಾ."

ಅವಳು ಅಲ್ಲಿಗೆ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಹೇಳುತ್ತಿರುವುದು ಸುಳ್ಳೆಂದು ಅವಳಿಗೂ ಗೊತ್ತಿತ್ತು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅವಳು ಕೈಯನ್ನು ಹಾಗೇ ಚಾಚಿಕೊಂಡು ಮಗನ ಕಡೆ ತಿರುಗಿದಳು. ಸಿಡುಬಿನ ಕಲೆಯಿದ್ದ ಮುಖವನ್ನು ಅವರು ತಗ್ಗಿಸಿದರು. ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಅವ್ವನ ಎದುರಿಗೆ ಬಾಯಿ ಬಿಟ್ಟರು.

"ಅವಳು ಏಳೋದು ಸರಿ ಕಣವ್ವ. ನೀನು ಓಗಿ ಕೂತ್ಕೊ. ಎಷ್ಟು ದಿನ ಅಂತ ಗೇಯ್ತೀಯ."

ಅವಳು ಕೈ ಕೆಳಗಿಳಿಸಿದಳು. ನಾನು ಎಸರಿಗೆ ಹಿಟ್ಟು ಸುರಿದೆ, ಬೇಯಿಸಿದೆ, ತಿರುವಿದೆ. ಮುದ್ದೆ ಕಟ್ಟಿ ಮುಗಿಸಿ ಅವಳನ್ನು ಕರೆದೆ. ಎರಡನೆಯ ಸಲ ಕರೆದಾಗ ಬಂದಳು. ಗೋಡೆಗೆ ಒರಗಿ ಕೂತು, ಏನೂ ನೋವಿಲ್ಲದ ಆ ಬಲಗೈಯಲ್ಲಿ ತಣಿಗೆಯನ್ನು ನನ್ನ ಕಡೆಗೆ ತಳ್ಳಿ, "ಇಕ್ಕು," ಅಂದಳು.